ಹದಿನಾಲ್ಕನೆಯ ಗುಡ್ಡೆ

ಯುಗಾದಿಯನ್ನು ಕುರಿತು ನಮ್ಮಲ್ಲಿ ಬಂದಿರುವಷ್ಟು ಬರಹ ಅದರ ಮರುದಿನವನ್ನು ಕುರಿತು ಬಂದಿಲ್ಲ. ಬೇವು ಬೆಲ್ಲಗಳಿಗೆ ಕವಿಗಳುಂಟು. ಹೊಸತೊಡಕಿನ ಬಾಡಿಗೆ ಕವಿಗಳು ವಿರಳ. ಆದರೆ ಚನ್ನಪಟ್ಟಣ, ರಾಮನಗರ, ಮಂಡ್ಯದ ಕಡೆಯ ಒಕ್ಕಲುಮನೆಗಳಲ್ಲಿ ‘ಹಬ್ಬ ಹೇಗಾಯಿತು?’ ಎಂದು ಕೇಳಿ ನೋಡಿ. ಅವರ ಉತ್ತರ ಒಬ್ಬಟ್ಟಿನ ದಿನವನ್ನು ಹಾಗೆಯೇ ದಾಟಿ ಮರುದಿನಕ್ಕೆ ಹೋಗುತ್ತದೆ.

‘ತೊಡಕು’ ಎಂದರೆ ಇಂದಿನ ಕನ್ನಡದಲ್ಲಿ ಸಿಕ್ಕು, ಅಡ್ಡಿ. ಹೊಸ ವರ್ಷದ ಎರಡನೆಯ ದಿನಕ್ಕೆ ‘ಹೊಸ ಅಡ್ಡಿ’ ಎಂದು ಯಾವ ರೈತನೂ ಹೆಸರಿಟ್ಟಾನೆಂದು ನನಗೆ ತೋರುವುದಿಲ್ಲ. ಇಲ್ಲಿ ಕೇಳಿಸುವುದು ‘ತೊಡಗು’ ಎಂಬ ಧಾತು. ಆರಂಭವೇ ಇದರ ಅರ್ಥವೆಂದು ನನ್ನ ಎಣಿಕೆ. ವರ್ಷತೊಡಕು ಎಂಬ ರೂಢಿಯೂ ಇದೆ. ಅಂದು ಏನು ಮಾಡಿದರೆ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬುದು ಹಳ್ಳಿಯ ನಂಬಿಕೆ. ಆದ್ದರಿಂದಲೇ ಅಂದು ಉಂಡು ತಣಿಯಬೇಕು; ನಂಟರು ಗೆಳೆಯರು ಜೊತೆಗಿರಬೇಕು; ಯಾರೊಡನೆಯೂ ಜಗಳವಾಡಬಾರದು. ಈ ಕೊನೆಯ ನಿಯಮವನ್ನು ಇಸ್ಪೀಟಿನ ಚಾಪೆಯ ಮೇಲೆ ಕುಳಿತವರು ಮಾತ್ರ ಪಾಲಿಸುವುದಿಲ್ಲ.

ನಮ್ಮ ದೊಡ್ಡಮಳೂರನ್ನು ಹೊರಗಿನವರು ಬಲ್ಲುದು ಅಪ್ರಮೇಯಸ್ವಾಮಿಯ ಗುಡಿಯಿಂದ, ಅದರೊಳಗಿನ ಅಂಬೆಗಾಲು ಕೃಷ್ಣನಿಂದ. ಬೆಣ್ಣೆಯ ದೇವರ ಊರಿನಲ್ಲಿ ಬಾಡಿನ ಮಾತೇ ಎಂದು ವಾಚಕರು ಹುಬ್ಬೇರಿಸಬೇಕಾಗಿಲ್ಲ. ಯುಗಾದಿಯ ದಿನ ಗುಡಿಗೆ, ಮರುದಿನ ತೋಟಕ್ಕೆ. ಇವೆರಡರ ನಡುವೆ ಊರು ಎಂದೂ ಗೊಂದಲ ಮಾಡಿಕೊಂಡಿಲ್ಲ. ಬೆಂಕಿ ಹೊತ್ತುವುದು ಗುಡಿಗೆ ದೂರವಾಗಿ, ಕಣ್ವ ಹೊಳೆಯ ಕಡೆಯ ತೆಂಗಿನ ತೋಟಗಳಲ್ಲಿ.

ಪಟ್ಟಣದವನು ಮಾಂಸವನ್ನು ಅಂಗಡಿಯಲ್ಲಿ ತೂಕ ಹಾಕಿಸಿ ತರುತ್ತಾನೆ. ಹಳ್ಳಿಯ ಪದ್ಧತಿಯೇ ಬೇರೆ. ಅದಕ್ಕೆ ಗುಡ್ಡೆ ಬಾಡು ಎಂದು ಹೆಸರು. ಹತ್ತಾರು ಮನೆಯವರು ಸೇರಿ ಸಂತೆಯಲ್ಲಿ ಕುರಿ ಕೊಳ್ಳುತ್ತಾರೆ. ಬೆಳಗಿನ ಜಾವಕ್ಕೆ ಕೊಯ್ದು, ಬಾಳೆಲೆಗಳ ಮೇಲೆ ಗುಡ್ಡೆ ಹಾಕುತ್ತಾರೆ. ಪ್ರತಿಯೊಂದು ಗುಡ್ಡೆಯಲ್ಲೂ ತೊಡೆಯ ಮಾಂಸವಿರಬೇಕು, ಎದೆಯ ಮೂಳೆಯಿರಬೇಕು, ಒಂದು ಚೂರು ಈಲಿ, ಒಂದು ಹಿಡಿ ಬೋಟಿ, ಅಷ್ಟಿಷ್ಟು ಕೊಬ್ಬು ಇರಬೇಕು. ಅಂಗಡಿಯ ತಕ್ಕಡಿಗೆ ಗೊತ್ತಿರುವುದು ಭಾರವೊಂದೇ. ಗುಡ್ಡೆ ಹಾಕುವವನ ಕಣ್ಣಿಗೆ ರುಚಿಯೂ ಗೊತ್ತಿರಬೇಕು. ಗುಡ್ಡೆ ಮುಗಿದ ಮೇಲೆ ಒಬ್ಬ ಹುಡುಗನನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ಒಂದೊಂದು ಗುಡ್ಡೆಯನ್ನೂ ಮುಟ್ಟಿ ‘ಇದು ಯಾರಿಗೆ?’ ಎಂದು ಕೇಳಿದಾಗ ಅವನು ಒಂದೊಂದು ಮನೆಯ ಹೆಸರು ಕೂಗುತ್ತಾನೆ. ಇದಕ್ಕಿಂತ ನಿಷ್ಪಕ್ಷಪಾತವಾದ ನ್ಯಾಯಾಲಯವನ್ನು ನಾನು ಕಂಡಿಲ್ಲ.

ಹಣ ಕೂಡಿಸುವುದಕ್ಕೆ ಈಗ ಚೀಟಿಗಳು ಬಂದಿವೆ. ಈ ಯುಗಾದಿ ಕಳೆದ ತಿಂಗಳಿನಿಂದಲೇ ಮುಂದಿನ ಯುಗಾದಿಯ ಬಾಡಿಗೆ ಕಂತು ಕಟ್ಟುವುದು. ಅನುಕೂಲವಾದ ಏರ್ಪಾಡೆಂದು ಒಪ್ಪುತ್ತೇನೆ. ಆದರೆ ನನ್ನ ತಂದೆಯ ಕಾಲದಲ್ಲಿ ಲೆಕ್ಕ ಚುಕ್ತವಾಗುತ್ತಿದ್ದುದು ಬೆಳೆಯ ಅಥವಾ ರೇಷ್ಮೆಗೂಡಿನ ದುಡ್ಡು ಕೈಗೆ ಬಂದಾಗ. ಉಂಡ ಮೇಲೆ ಕೊಡುವುದಕ್ಕೂ, ಕೊಟ್ಟ ಮೇಲೆ ಉಣ್ಣುವುದಕ್ಕೂ ಬಡವನ ಮನೆಯಲ್ಲಿ ಬಹಳ ವ್ಯತ್ಯಾಸವಿದೆ. ನಮ್ಮ ಚಿಕ್ಕಪ್ಪ ಇನ್ನೂ ಹಳೆಯ ಲೆಕ್ಕವನ್ನೇ ಹಿಡಿದಿದ್ದಾರೆ.

ಕೊಯ್ಯುವುದಕ್ಕೆ ಚನ್ನಪಟ್ಟಣದಿಂದ ಒಬ್ಬ ಸಾಬರು ಬರುತ್ತಾರೆ. ಅವರ ತಂದೆಯೂ ನಮ್ಮ ತೋಟಕ್ಕೆ ಬರುತ್ತಿದ್ದರು. 2022ರ ಯುಗಾದಿಗೆ ಮುಂಚೆ, ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬಾರದೆಂಬ ಪ್ರಚಾರ ನಾಡಿನಲ್ಲೆಲ್ಲ ಎದ್ದಿತ್ತು. ಹಬ್ಬಕ್ಕೆ ನಾಲ್ಕು ದಿನವಿರುವಾಗ ಆತ ಚಿಕ್ಕಪ್ಪನಿಗೆ ಫೋನು ಮಾಡಿ, ಈ ಸಲ ತಾನು ಬರಬೇಕೋ ಬೇಡವೋ ಎಂದು ಕೇಳಿದರು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾಕ್ ಸಾಬ್ರೇ, ಕತ್ತಿ ಮೊಂಡಾಯ್ತಾ?” ಎಂದರು. ಆ ವರ್ಷ ಪಾಲುದಾರರಲ್ಲಿ ಇಬ್ಬರು ಹಿಂದೆ ಸರಿದರು. ಮರುವರ್ಷ ಅವರಲ್ಲೊಬ್ಬರು ಮರಳಿ ಬಂದರು. ಯಾರೂ ಏನನ್ನೂ ಕೇಳಲಿಲ್ಲ.

2025ರಲ್ಲಿ ಪಂಚಾಂಗವೇ ಒಂದು ತೊಡಕನ್ನು ತಂದೊಡ್ಡಿತು. ಯುಗಾದಿ ಮಾರ್ಚ್ 30ರ ಭಾನುವಾರ, ಹೊಸತೊಡಕು ಸೋಮವಾರ. ಸೋಮವಾರ ಶಿವನ ವಾರವೆಂದು ನಮ್ಮ ಅವ್ವ ಬಾಡು ಮುಟ್ಟುವವಳಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೆಯೇ. ಬೆಂಗಳೂರಿನಿಂದ ಬರುವ ಮಕ್ಕಳು ಮೊಮ್ಮಕ್ಕಳಿಗೆ ಸೋಮವಾರ ರಜೆ, ಮಂಗಳವಾರ ಕೆಲಸ. ಅಣ್ಣನ ಮಗ ಅಜ್ಜಿಗೆ ಒಂದು ಗಂಟೆ ವಾದ ಹೇಳಿದ. ಅವ್ವ ಎಲ್ಲವನ್ನೂ ಸಮಾಧಾನವಾಗಿ ಕೇಳಿ, “ನೀವು ಉಣ್ಣಿ, ನಾನು ಒಬ್ಬಟ್ಟಿನ ಸಾರಲ್ಲಿ ಉಂಡ್ಕೊತೀನಿ” ಎಂದಳು. ಅಷ್ಟಕ್ಕೆ ಅವನ ವಾದ ಬಿದ್ದುಹೋಯಿತು. ಈ ನಡುವೆ ಭಾನುವಾರ ಸಂಜೆ ಚಂದ್ರದರ್ಶನವಾಗಿ ಸೋಮವಾರವೇ ರಂಜಾನ್ ಎಂದು ನಿಶ್ಚಯವಾಯಿತು. ಸಾಬರಿಗೂ ಅಂದು ಬರಲಾಗದು. ಹಬ್ಬವನ್ನು ಮಂಗಳವಾರಕ್ಕೆ ಮುಂದೂಡಿದೆವು. ಮೂವರು ರಜೆ ಹಾಕಿದರು; ಇಬ್ಬರು ಬರಲಿಲ್ಲ. ಸೋಮವಾರ ಮಧ್ಯಾಹ್ನ ಸಾಬರ ಮನೆಯಿಂದ ಒಂದು ಡಬರಿಯಲ್ಲಿ ಶಾವಿಗೆ ಪಾಯಸ ಬಂತು. ಅವ್ವ ಎರಡು ಲೋಟ ಕುಡಿದಳು.

ಮಂಗಳವಾರ 3 ಕುರಿಗಳು. ಮೂವತ್ತು ಕೆ.ಜಿ. ತೂಗುವ ಕುರಿಯಲ್ಲಿ ಉಣ್ಣುವುದಕ್ಕೆ ದೊರೆಯುವುದು ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ. ಗುಡ್ಡೆಗೆ ಸುಮಾರು ಮೂರು ಕೆ.ಜಿ. ಎಂದು ಲೆಕ್ಕ. ನಮ್ಮ ಮನೆಗೆ 24 ಜನವಾದ್ದರಿಂದ ಎರಡು ಪಾಲು ಹಿಡಿದಿದ್ದೆವು. ಬಂಡೂರು ಕುರಿಯೇ ಬೇಕೆಂದು ಅಣ್ಣನ ಆಸೆ. ಮಳವಳ್ಳಿ ತಾಲ್ಲೂಕಿನ ಆ ಗಿಡ್ಡ ಕಾಲಿನ ಕುರಿಯ ಮಾಂಸಕ್ಕೆ ಸಮಾನವಿಲ್ಲವೆಂಬುದು ನಿಜ, ಬೆಲೆಗೂ ಸಮಾನವಿಲ್ಲ. ನಾಟಿ ಕುರಿಯಲ್ಲೇ ತೃಪ್ತರಾದೆವು.

ಈಗಿನ ಹುಡುಗರು ‘ಬಾರ್ಬೆಕ್ಯೂ’ ಎನ್ನುವುದನ್ನು ಕೇಳುವಾಗ ನನಗೆ ಸೋಮೇಶ್ವರನ ನೆನಪಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ, ಮಾಂಸದ ತುಂಡುಗಳನ್ನು ಕಂಬಿಗೆ ಪೋಣಿಸಿ ಕೆಂಡದ ಮೇಲೆ ಸುಡುವ ಕ್ರಮ ವಿವರವಾಗಿ ಬಂದಿದೆ. ನಮ್ಮ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಾದರೋ ಕನ್ನಡದ್ದು, ಆದರೆ ಆತ ಜೈನ, ಪಾಕವೆಲ್ಲ ಸಸ್ಯಾಹಾರ. ಹೀಗಾಗಿ ಬಾಡು ಸುಡುವ ಒಕ್ಕಲಿಗನಿಗೆ ಗ್ರಂಥಾಧಾರ ಬೇಕಾದರೆ ಅರಮನೆಯ ಸಂಸ್ಕೃತಕ್ಕೇ ಹೋಗಬೇಕು.

ಗ್ರಂಥವಿಲ್ಲದೆಯೂ ನಮ್ಮ ಹಳ್ಳಿಗಳಲ್ಲಿ ಸುಡುವ ವಿದ್ಯೆ ಇದ್ದೇ ಇದೆ. ತಲೆಕಾಲುಗಳನ್ನು ತೆಂಗಿನ ಗರಿಯ ಉರಿಯಲ್ಲಿ ಹಿಡಿದು, ಕೂದಲು ಸುಟ್ಟು, ಕತ್ತಿಯಿಂದ ಕೆರೆದು, ಅರಿಸಿನ ಬಳಿದು ತೊಳೆಯುವುದು ಗಂಡಸರ ಕೆಲಸ. ಆ ವಾಸನೆ ಮೂಗಿಗೆ ಬಂದರೇ ಮಕ್ಕಳು ಸುತ್ತ ನೆರೆಯುತ್ತಾರೆ; ಈಲಿಯ ಚೂರಿಗೆ ಉಪ್ಪು ಖಾರ ಸವರಿ, ಕಡ್ಡಿಗೆ ಚುಚ್ಚಿ, ಅಲ್ಲೇ ಕೆಂಡದಲ್ಲಿ ಸುಟ್ಟುಕೊಡುತ್ತಾರೆ. ಅಣ್ಣನ ಮಗ ಈ ಸಲ ಕಬ್ಬಿಣದ ಜಾಲರಿಯನ್ನೂ ಒಂದು ಚೀಲ ಇದ್ದಿಲನ್ನೂ ತಂದಿದ್ದ. ಜಾಲರಿಯನ್ನು ಅವ್ವ ಒಪ್ಪಿದಳು, ಇದ್ದಿಲನ್ನು ಒಪ್ಪಲಿಲ್ಲ. ನಮ್ಮ ಕಡೆ ಹಿಪ್ಪುನೇರಳೆಯ ಕಡ್ಡಿಗೂ ತೆಂಗಿನ ಕರಟಕ್ಕೂ ಬರವಿಲ್ಲ. ಕಡ್ಡಿ ಬೇಗ ಹೊತ್ತುತ್ತದೆ, ಕರಟದ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಮಾಂಸಕ್ಕೆ ಪರಂಗಿಕಾಯಿ ಅರೆದು ಹಚ್ಚಿದ್ದಳು. ಒಂದು ಗಂಟೆಗೆ ಮೆತ್ತಗಾಗುತ್ತದೆ, ರಾತ್ರಿಯೆಲ್ಲ ಬಿಟ್ಟರೆ ಗೊಜ್ಜಾಗುತ್ತದೆ. ಹುಡುಗರು ಉರಿಯ ಮೇಲೆಯೇ ಇಡಲು ಹೋದರು. “ಉರಿ ಸಾಯ್ಲಿ, ಬೂದಿ ಬೆಳ್ಳಗಾಗ್ಲಿ ಕಣಪ್ಪ” ಎಂದು ಕುರ್ಚಿಯಲ್ಲಿ ಕುಳಿತೇ ಹೇಳಿದಳು. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದಾಗಲೆಲ್ಲ ಉಪ್ಪುನೀರು ಚಿಮುಕಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಲೆಯ ಮೇಲೆ ಸಾರು ಬೇರೆ ಕುದಿಯುತ್ತಿತ್ತು. ಮುದ್ದೆ ಇಲ್ಲದೆ ಬರಿಯ ಸುಟ್ಟ ಮಾಂಸವನ್ನು ಊಟವೆಂದು ನಮ್ಮವರು ಒಪ್ಪುವುದಿಲ್ಲ.

ಇಷ್ಟಕ್ಕೂ ಮುಂಚೆ, ಬೆಳಗ್ಗೆ ಆರಕ್ಕೆ, ಗುಡ್ಡೆ ಹಾಕುವಲ್ಲಿ ಒಂದು ಮಾತಾಯಿತು. ಅಣ್ಣನ ಮಗ ವಿದ್ಯುತ್ ತಕ್ಕಡಿಯನ್ನೂ ತಂದಿದ್ದ. ಚಿಕ್ಕಪ್ಪ ಬೇಡವೆನ್ನಲಿಲ್ಲ. ಎಲ್ಲ ಗುಡ್ಡೆಗಳೂ ತೂಕದಲ್ಲಿ ಸಮವಾದವು. ಆಮೇಲೆ ಚಿಕ್ಕಪ್ಪ ಕುಕ್ಕರುಗಾಲಿನಲ್ಲಿ ಕುಳಿತು, ಒಂದರಿಂದ ಮೂಳೆ ತೆಗೆದು ಇನ್ನೊಂದಕ್ಕಿಟ್ಟು, ಈಲಿ ಹಂಚಿ, ಎಲ್ಲವನ್ನೂ ಮತ್ತೊಮ್ಮೆ ಮಾಡಿದರು. ಹುಡುಗ ಎಣಿಸಿ ನೋಡಿದ.

“ತಾತ, ಪಾಲು ಹದಿಮೂರು. ಗುಡ್ಡೆ ಹದಿನಾಲ್ಕಿದೆ.”

“ಹೂಂ.”

“ಅದು ಯಾರದು?”

ಹಿಂದಿನ ಮಳೆಗಾಲದಲ್ಲಿ ಗಂಡನನ್ನು ಕಳೆದುಕೊಂಡ, ಇಬ್ಬರು ಶಾಲೆಯ ಮಕ್ಕಳಿರುವ ಒಂದು ಮನೆ ಹೊಳೆಯ ಬದಿಗೆ ಇದೆ. ಚಿಕ್ಕಪ್ಪ ಆ ಕಡೆ ಗದ್ದವೆತ್ತಿ ತೋರಿಸಿದರು. ಹುಡುಗ ಒಳ್ಳೆಯವನೇ; ಆ ಪಾಲಿನ ದುಡ್ಡನ್ನು ತಾನೇ ಕೊಡುತ್ತೇನೆಂದು ಮೊಬೈಲು ತೆಗೆದು, ಲೆಕ್ಕದಲ್ಲಿ ಬರೆಯಲು ಆಕೆಯ ಹೆಸರು ಕೇಳಿದ.

“ಹೆಸರು ಬರೀಬೇಡ” ಎಂದರು ಚಿಕ್ಕಪ್ಪ. “ಮೇಲೊಂದೆಲೆ ಮುಚ್ಕೊಂಡು ಹಿತ್ತಲ ಕಡೆಯಿಂದ ಕೊಟ್ಟು ಬಾ. ಬೇಗ ಹೋಗು, ಇಷ್ಟೊತ್ತಿಗೆ ಮಸಾಲೆ ಅರೆದಿರ್ತಾಳೆ.”