ವಯಸ್ಸಿಗೂ ಹುದ್ದೆಗೂ ತಕ್ಕ ವೇತನ

ಹೆಣ್ಣಿನ ವಯಸ್ಸನ್ನೂ ಗಂಡಿನ ಸಂಬಳವನ್ನೂ ಕೇಳಬಾರದೆಂಬ ಮಾತೊಂದು ನಮ್ಮಲ್ಲಿ ಬಳಕೆಯಲ್ಲಿದೆ. ಹೆಣ್ಣಿಗೂ ಸಂಬಳವಿರಬಹುದೆಂಬ ಅರಿವು ಈ ಮಾತನ್ನು ಹುಟ್ಟಿಸಿದವರಿಗೆ ಇರಲಿಲ್ಲವೆಂಬುದು ಹಾಗಿರಲಿ. ನಮ್ಮ ಜನರ ಆಚರಣೆಯಾದರೂ ಬಹುಕಾಲ ಇದಕ್ಕೆ ವಿರುದ್ಧವಾಗಿಯೇ ಇದ್ದಿತು. ರೈಲಿನ ಮೂರನೆಯ ತರಗತಿಯಲ್ಲಿ ಎದುರು ಕುಳಿತ ಅಪರಿಚಿತನು ಊರು, ಮನೆತನ, ಮಕ್ಕಳೆಷ್ಟು ಮುಂತಾದುವನ್ನು ವಿಚಾರಿಸಿ ಮುಗಿಸಿದ ಮರುಕ್ಷಣದಲ್ಲಿ “ತಮಗೆ ಸಂಬಳವೆಷ್ಟು ಬರುತ್ತದೆ?” ಎಂದು ಕೇಳುತ್ತಿದ್ದನು, ಕೇಳಿಸಿಕೊಂಡವನೂ ಸಂಕೋಚವಿಲ್ಲದೆ ಹೇಳುತ್ತಿದ್ದನು. ಆ ಕಾಲವು ಹೋಯಿತು. ತನಗೆ ದೊರೆಯುವ ವೇತನವನ್ನು ಸಹೋದ್ಯೋಗಿಗಳಿಗೆ ತಿಳಿಸಕೂಡದೆಂಬ ಷರತ್ತು ಇಂದು ಅನೇಕ ಖಾಸಗಿ ಸಂಸ್ಥೆಗಳ ನೇಮಕಪತ್ರಗಳಲ್ಲಿ ಸೇರಿಕೊಂಡಿರುತ್ತದೆ. ಒಂದೇ ಮೇಜಿನ ಎರಡು ಬದಿಗೆ ಕುಳಿತು ಒಂದೇ ಕೆಲಸವನ್ನು ಮಾಡುವ ಇಬ್ಬರು ಒಬ್ಬರ ಸಂಬಳವನ್ನು ಒಬ್ಬರು ಅರಿಯದೆ ವರ್ಷಗಳನ್ನು ಕಳೆಯುತ್ತಾರೆ. ಈ ಮೌನದಿಂದ ಲಾಭವಾಗುವುದು ಯಾರಿಗೆಂಬುದನ್ನು ವಾಚಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಕತ್ತಲೆಯಲ್ಲಿ ತರುಣನೊಬ್ಬನು “ನನ್ನ ವಯಸ್ಸಿಗೂ ನನ್ನ ಕೆಲಸಕ್ಕೂ ಈ ಸಂಬಳ ನ್ಯಾಯವೇ?” ಎಂದು ತನ್ನನ್ನು ತಾನೇ ಕೇಳಿಕೊಂಡರೆ ಉತ್ತರವು ಎಲ್ಲಿಂದ ದೊರೆತೀತು? ದಾಯಾದಿಯ ಮಗನಿಗೆ ಎಷ್ಟಂತೆ, ಕೂಡ ಓದಿದವನಿಗೆ ಎಷ್ಟಂತೆ ಎಂಬ ಮದುವೆಮನೆಯ ಮಾತುಗಳೇ ಅವನಿಗೆ ಆಧಾರವಾಗುತ್ತವೆ. ಮದುವೆಮನೆಯಲ್ಲಿ ಹೇಳುವ ಸಂಬಳವು ಎಂದೂ ನಿಜವಾದ ಸಂಬಳವಾಗಿರುವುದಿಲ್ಲ. ಅದನ್ನು ನಂಬಿ ಒಬ್ಬನು ಅಕಾರಣವಾಗಿ ಕುಗ್ಗುತ್ತಾನೆ. ಮತ್ತೊಬ್ಬನು, ತನಗಿಂತ ಕಡಿಮೆ ಪಡೆಯುವವನನ್ನು ಕಂಡು, ತನಗೆ ನಿಜವಾಗಿ ಸಲ್ಲಬೇಕಾದುದನ್ನು ಕೇಳುವುದನ್ನೇ ಮರೆಯುತ್ತಾನೆ.

ಆದರೆ ವೇತನದ ನ್ಯಾಯಾನ್ಯಾಯಗಳನ್ನು ಅಳೆಯುವ ಕೋಲು ನಮ್ಮ ದೇಶದಲ್ಲಿ ಇಲ್ಲದೆ ಇಲ್ಲ. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ದಾದಾಭಾಯಿ ನವರೋಜಿಯವರು ಭಾರತೀಯನ ತಲಾ ವಾರ್ಷಿಕ ವರಮಾನವನ್ನು ಸುಮಾರು 20 ರೂಪಾಯಿಗಳೆಂದು ಗಣಿಸಿ, ಅದನ್ನು ಸೆರೆಮನೆಯ ಕೈದಿಗೆ ಸರಕಾರವು ಒದಗಿಸುತ್ತಿದ್ದ ಅನ್ನವಸ್ತ್ರಗಳ ವೆಚ್ಚದೊಡನೆ ಹೋಲಿಸಿದರು. ಕೈದಿಯ ವೆಚ್ಚವೇ ಹೆಚ್ಚಾಗಿತ್ತು. ವರಮಾನವನ್ನು ನೆರೆಯವನ ವರಮಾನದೊಡನೆ ತೂಗದೆ, ಬದುಕಿಗೆ ಬೇಕಾದ ಪದಾರ್ಥಗಳೊಡನೆ ತೂಗಬೇಕೆಂಬ ಈ ದಾರಿಯನ್ನೇ ಮುಂದಿನವರೂ ಹಿಡಿದರು. 1931ರ ಕರಾಚಿ ಕಾಂಗ್ರೆಸ್ಸು ಕಾರ್ಮಿಕನಿಗೆ ಜೀವನಕ್ಕೆ ಸಾಲುವಷ್ಟು ವೇತನ ದೊರೆಯಬೇಕೆಂದೂ, ವಿಶೇಷ ತಜ್ಞರನ್ನುಳಿದು ಸರಕಾರದ ಯಾವ ನೌಕರನ ಸಂಬಳವೂ ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿಗಳನ್ನು ಮೀರಬಾರದೆಂದೂ ಗೊತ್ತುಮಾಡಿತು. 1937ರಲ್ಲಿ ಪ್ರಾಂತಗಳಲ್ಲಿ ಅಧಿಕಾರ ವಹಿಸಿಕೊಂಡ ಕಾಂಗ್ರೆಸ್ ಮಂತ್ರಿಗಳು ಅಷ್ಟನ್ನೇ ಪಡೆದರು. ಕೆಳಗಿನವನಿಗೆ ಕಡಿಮೆಯಾಗದಂತೆ ಒಂದು ಗೆರೆ, ಮೇಲಿನವನಿಗೆ ಹೆಚ್ಚಾಗದಂತೆ ಒಂದು ಗೆರೆ. ಎರಡನ್ನೂ ಒಂದೇ ನಿರ್ಣಯದಲ್ಲಿ ಎಳೆದ ಆ ಧೈರ್ಯವು ಆಮೇಲಣ ದಿನಗಳಲ್ಲಿ ಬಹಳ ಕಾಣಿಸಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಕನಿಷ್ಠ ವೇತನದ ಕಾಯಿದೆಯಾಯಿತು. ಅದೇ ವರ್ಷ ನ್ಯಾಯವೇತನವೆಂದರೇನೆಂಬುದನ್ನು ವಿಚಾರಿಸಲು ಸಮಿತಿಯೊಂದು ನೇಮಕವಾಯಿತು. ಆ ಸಮಿತಿಯು ವೇತನಕ್ಕೆ ಮೂರು ಮೆಟ್ಟಿಲುಗಳನ್ನು ಹೇಳಿತು: ಕನಿಷ್ಠ ವೇತನ, ನ್ಯಾಯವೇತನ, ಜೀವನವೇತನ. ನ್ಯಾಯವೇತನದ ತಳಗೆರೆಯು ಕನಿಷ್ಠ ವೇತನ. ಮೇಲ್ಗೆರೆಯು ಆ ಉದ್ಯಮಕ್ಕೆ ಕೊಡಲಿರುವ ಶಕ್ತಿ. ಉದ್ಯಮವೊಂದು ತಳಗೆರೆಯನ್ನೇ ಕೊಡಲಾರದಿದ್ದರೆ ಅದಕ್ಕೆ ಬದುಕುವ ಹಕ್ಕಿಲ್ಲವೆಂಬುದು ಈ ವಿಚಾರದ ಹಿಂದಿರುವ ಭಾವನೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನವು ಆ ತಳಗೆರೆಯನ್ನು ಅಕ್ಕಿಬೇಳೆಗಳ ಲೆಕ್ಕಕ್ಕೆ ಇಳಿಸಿತು. ದುಡಿಯುವವನೊಬ್ಬನಿಗೆ ಅವನೂ ಸೇರಿ ಮೂರು ಉಣ್ಣುವ ಘಟಕಗಳು, ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿಗಳ ಆಹಾರ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಸೌದೆ, ದೀಪ ಮತ್ತು ಇತರ ವೆಚ್ಚಗಳಿಗೆ ಒಟ್ಟು ವೇತನದ ಐದನೆಯ ಒಂದು ಪಾಲು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಕ್ಕಳ ವಿದ್ಯೆ, ಔಷಧೋಪಚಾರ, ಹಬ್ಬಹರಿದಿನ, ಮುಪ್ಪು, ಮದುವೆ ಇವುಗಳಿಗಾಗಿ ಇನ್ನೂ ಶೇಕಡಾ 25ನ್ನು ಕೂಡಿಸಬೇಕೆಂದಿತು. ಈ ಲೆಕ್ಕದಲ್ಲಿ ದುಡಿಯುವವನ ತಂದೆತಾಯಿಗಳಿಗೆ ಎಲೆ ಹಾಕಿಲ್ಲ. ಮುದುಕರು ಎಲ್ಲಿ ಉಣ್ಣಬೇಕೆಂಬುದನ್ನು ಸಮ್ಮೇಳನದವರು ಹೇಳಲಿಲ್ಲ. ನಮ್ಮ ಸಂಸಾರಗಳನ್ನು ಬಲ್ಲವರು ಈ ಕೊರತೆಯನ್ನು ತಾವೇ ತುಂಬಿಕೊಳ್ಳಬೇಕು.

ಈ ಮಾದರಿಯನ್ನೇ ಅನುಸರಿಸಿ ಕೇಂದ್ರದ ಏಳನೆಯ ವೇತನ ಆಯೋಗವು 2016ರ ಜನವರಿ 1ರಿಂದ ಕೆಳಗಿನ ನೌಕರನ ಮೂಲವೇತನವನ್ನು 18,000 ರೂಪಾಯಿಗಳಿಗೆ ನಿಲ್ಲಿಸಿತು. 2025ರ ಜುಲೈಯಲ್ಲಿ ತುಟ್ಟಿಭತ್ಯವು ಶೇಕಡಾ 58 ಆದುದರಿಂದ, ಎರಡೂ ಸೇರಿ 28,440 ರೂಪಾಯಿಗಳಾದುವು. ಮನೆಬಾಡಿಗೆಯ ಭತ್ಯ ಬೇರೆ. ನಮ್ಮ ರಾಜ್ಯದಲ್ಲಿಯೂ 2024ರ ಆಗಸ್ಟಿನಿಂದ ಕನಿಷ್ಠ ಮೂಲವೇತನವು 17,000ದಿಂದ 27,000ಕ್ಕೆ ಏರಿತು. ಈ ಅಂಕೆಗಳನ್ನು ಇಲ್ಲಿ ಕೊಟ್ಟುದು ಸರಕಾರಿ ನೌಕರನ ಮೇಲೆ ಅಸೂಯೆಯಿಂದಲ್ಲ. ದೇಶವು ತಾನೇ ಲೆಕ್ಕಹಾಕಿ, ಹತ್ತನೆಯ ತರಗತಿ ತೇರ್ಗಡೆಯಾದವನು ಮಾಡಬಹುದಾದ ಕೆಲಸಕ್ಕೆ, ಇದಕ್ಕಿಂತ ಕಡಿಮೆಯಾದರೆ ಮಾನದಿಂದ ಬದುಕಲಾಗದೆಂದು ಒಪ್ಪಿಕೊಂಡ ಗೆರೆಯಿದು. ಯಾರು ಬೇಕಾದರೂ ಓದಬಹುದಾದ, ಗುಟ್ಟಿಲ್ಲದ ಗೆರೆ.

ಇನ್ನು ಬೆಂಗಳೂರಿನ ತರುಣ ಎಂಜಿನಿಯರನ್ನು ಈ ಗೆರೆಯ ಪಕ್ಕದಲ್ಲಿ ನಿಲ್ಲಿಸಿ ನೋಡೋಣ. ದೊಡ್ಡ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಹೊಸದಾಗಿ ಸೇರುವವನ ವಾರ್ಷಿಕ ವೇತನವು ಹನ್ನೆರಡು ಹದಿಮೂರು ವರ್ಷಗಳ ಕಾಲ ಸಾಮಾನ್ಯವಾಗಿ ಮೂರರಿಂದ ನಾಲ್ಕು ಲಕ್ಷಗಳ ನಡುವೆಯೇ ನಿಂತಿತು. ಬೆಲೆಗಳು ಹಾಗೆ ನಿಲ್ಲಲಿಲ್ಲ. 2012ನ್ನು 100 ಎಂದು ಹಿಡಿದ ಗ್ರಾಹಕ ಬೆಲೆ ಸೂಚ್ಯಂಕವು 2024ರ ಉತ್ತರಾರ್ಧದಲ್ಲಿ 190ನ್ನು ದಾಟಿತು. 2012ರಲ್ಲಿ 3,25,000ಕ್ಕೆ ಸೇರಿದವನೊಬ್ಬನು ಕೊಳ್ಳುತ್ತಿದ್ದಷ್ಟನ್ನೇ 2024ರಲ್ಲಿ ಸೇರಿದವನೂ ಕೊಳ್ಳಬೇಕಾದರೆ ಅವನಿಗೆ ಆರು ಲಕ್ಷಕ್ಕೆ ಮೀರಿ ಬರಬೇಕಾಗಿತ್ತು. ಬರಲಿಲ್ಲ. ಅಣ್ಣನಿಗೂ ತಮ್ಮನಿಗೂ ಒಂದೇ ಸಂಬಳವೆಂದು ಹೇಳಿ, ತಮ್ಮನ ಕೈಯಲ್ಲಿ ಅರ್ಧವನ್ನಿಟ್ಟಂತಾಯಿತು.

ಆ ಅರ್ಧವಾದರೂ ಪೂರ್ತಿ ಕೈಸೇರುವುದೇ? ನೇಮಕಪತ್ರದ ಸಿ.ಟಿ.ಸಿ. ಎಂಬ ಮೂರಕ್ಷರಗಳನ್ನು ತರುಣರು ಸಂಬಳವೆಂದು ಓದಿಕೊಳ್ಳುತ್ತಾರೆ. ಅದು ಸಂಬಳವಲ್ಲ, ನೌಕರನಿಂದ ಕಂಪೆನಿಗೆ ಬೀಳುವ ಒಟ್ಟು ವೆಚ್ಚದ ಅಂದಾಜು. ಭವಿಷ್ಯನಿಧಿಗೆ ಮಾಲಿಕನು ಕಟ್ಟುವ ಪಾಲು, ಸಾಮಾನ್ಯವಾಗಿ ಐದು ವರ್ಷ ತುಂಬದೆ ಕೈಗೆ ಬಾರದ ಗ್ರಾಚ್ಯುಟಿ, ವಿಮೆಯ ಕಂತು, ಕಂಪೆನಿಗೆ ಒಳ್ಳೆಯ ವರ್ಷವಾದರೆ ಮಾತ್ರ ಪೂರ್ತಿ ದೊರೆಯುವ ಪ್ರೋತ್ಸಾಹಧನ, ಎಲ್ಲವೂ ಅದರಲ್ಲಿ ಅಡಗಿವೆ. ಮೂರೂವರೆ ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ 29,166 ರೂಪಾಯಿ. ಇವುಗಳನ್ನು ಕಳೆದು, ಅವನ ಪಾಲಿನ ಭವಿಷ್ಯನಿಧಿ, ವೃತ್ತಿತೆರಿಗೆಗಳನ್ನೂ ಕಳೆದರೆ, ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನು ಮೇಲೆ ಹೇಳಿದ ತಳಗೆರೆಗಿಂತ ಕೆಳಗೆ ಇಳಿಯುತ್ತಾನೆ. ಇಳಿದವನು ಹಲವು ಬಡಾವಣೆಗಳಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಊರಿನಲ್ಲಿ ಮನೆ ಹುಡುಕಬೇಕು.

ಕೆಲಸಕ್ಕೆ ಬರುವವರು ಬೇಕಾದಷ್ಟು ಜನರಿದ್ದಾರೆ, ಅವರಿಗೆ ನಾವೇ ಕೆಲಸ ಕಲಿಸಬೇಕಾಗಿದೆ ಎಂದು ಉದ್ಯಮಪತಿಗಳು ಹೇಳುತ್ತಾರೆ. ಕಲಿಸುವ ವೆಚ್ಚವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 1948ರ ಸಮಿತಿಯು ಮೇಲ್ಗೆರೆಯನ್ನು ಎಳೆದುದು ಉದ್ಯಮದ ಶಕ್ತಿಯನ್ನು ನೋಡಿ. ಬಾಗಿಲಲ್ಲಿ ಕಾದು ನಿಂತವರ ತಲೆಯೆಣಿಸಿ ಅಲ್ಲ. ಇನ್ನು ಕೆಲವು ಮಾಲಿಕರು ಸಂಬಳ ಹೆಚ್ಚಿಸೆಂದವನಿಗೆ ಕಾಯಕದ ಮಹಿಮೆಯನ್ನು ಉಪದೇಶಿಸುವುದುಂಟು. ಬೇಕಾದುದಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಕಥೆಯನ್ನು ಕನ್ನಡಿಗರೆಲ್ಲರೂ ಬಲ್ಲರು. ಸಾಕೆಂದುದು ಆ ಅಕ್ಕಿಯನ್ನು ಬೇಯಿಸಿ ಉಣಬಡಿಸುತ್ತಿದ್ದ ಲಕ್ಕಮ್ಮ. ಅಕ್ಕಿಯ ರಾಶಿಯ ಒಡೆಯನು ಅದೇ ಮಾತನ್ನಾಡಿದರೆ ಅದಕ್ಕೆ ಬೇರೆ ಹೆಸರಿದೆ.

ವಯಸ್ಸಿನ ಮಾತಿಗೆ ಬರೋಣ. ವಯಸ್ಸಾಯಿತೆಂಬ ಮಾತ್ರಕ್ಕೆ ಸಂಬಳ ಏರಬೇಕೇ? ಏರಬೇಕಾಗಿಲ್ಲವೆಂದು ವಾದಿಸುವವರು ಇದ್ದಾರೆ. ಕೆಲಸಕ್ಕೆ ಸಂಬಳವೇ ಹೊರತು ನರೆಗೂದಲಿಗೆ ಅಲ್ಲವೆಂಬುದು ಅವರ ನುಡಿ. ಅದರಲ್ಲಿ ಸತ್ಯಾಂಶವಿದೆ. ಆದರೆ ಇಪ್ಪತ್ತೈದರ ಒಂಟಿಗನ ಹೊಣೆಯೂ ನಾಲ್ವತ್ತೈದರ ಗೃಹಸ್ಥನ ಹೊಣೆಯೂ ಒಂದೇ ಅಲ್ಲ. ಇಪ್ಪತ್ತು ವರ್ಷ ಒಂದು ಕೆಲಸದಲ್ಲಿ ಪಳಗಿದ ಕೈಯೂ ಹೊಸ ಕೈಯೂ ಒಂದೇ ಅಲ್ಲ. ಸರಕಾರಿ ವೇತನಶ್ರೇಣಿಯು ಈ ಎರಡನ್ನೂ ಮನಗಂಡು ಒಂದು ಜಾಣತನವನ್ನು ಮಾಡಿದೆ. ಬೆಲೆಯೇರಿಕೆಯನ್ನು ತುಂಬಿಕೊಡಲು ತುಟ್ಟಿಭತ್ಯವನ್ನು ಬೇರೆ ಇಟ್ಟು, ವರ್ಷದ ಅನುಭವಕ್ಕೆಂದು ಶೇಕಡಾ 3ರ ವಾರ್ಷಿಕ ಬಡ್ತಿಯನ್ನು ಬೇರೆ ಇಟ್ಟಿದೆ. ಹುದ್ದೆಯೇರದೆ ಒಂದೇ ಸ್ಥಾನದಲ್ಲಿ ನಿಂತವನ ಮೂಲವೇತನವೂ ಈ ಬಡ್ತಿಯಿಂದ ಹತ್ತು ವರ್ಷಗಳಲ್ಲಿ 100ಕ್ಕೆ 134, ಇಪ್ಪತ್ತು ವರ್ಷಗಳಲ್ಲಿ 100ಕ್ಕೆ 180 ಆಗುತ್ತದೆ. ಖಾಸಗಿ ಸಂಸ್ಥೆಯವನಿಗಾದರೋ ಎರಡನ್ನೂ ಕಲಸಿ ಒಂದೇ ಅಂಕೆಯಾಗಿ ಕೊಡುತ್ತಾರೆ. 2012ರಿಂದ 2024ರವರೆಗೆ ಬೆಲೆಗಳು ವರ್ಷಕ್ಕೆ ಸರಾಸರಿ ಶೇಕಡಾ ಐದೂವರೆಯಂತೆ ಏರಿದುವು. ಶೇಕಡಾ 6ರ ಬಡ್ತಿಯೆಂದು ಸಿಹಿ ಹಂಚಿದವನು ಆ ಐದೂವರೆಯನ್ನು ಮೊದಲು ಕಳೆಯಲಿ. ಉಳಿದ ಅರ್ಧವೇ ಅವನ ಒಂದು ವರ್ಷದ ಅನುಭವಕ್ಕೆ ಮಾಲಿಕನು ಕಟ್ಟಿದ ಬೆಲೆ. ಹೀಗೆ ಸೇರಿದ ದಿನದಿಂದ ಲೆಕ್ಕಹಾಕಿದರೆ, ವಯಸ್ಸಿಗೆ ತಕ್ಕ ಸಂಬಳವೋ ಅಲ್ಲವೋ ಎಂಬುದು ಒಂದು ಹಾಳೆಯ ಮೇಲೆ ಗೊತ್ತಾಗುತ್ತದೆ.

ಈ ಹಾಳೆಯನ್ನು ಹಿಡಿದು ನಮ್ಮ ಸರಕಾರಿ ಪ್ರಥಮದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಬಳಿಗೆ ಹೋದರೆ ಮನಸ್ಸು ಮುದುಡುತ್ತದೆ. 2022ರ ಜನವರಿಯವರೆಗೆ ಅವರಿಗೆ ತಿಂಗಳಿಗೆ 11,000 ಅಥವಾ 13,000 ರೂಪಾಯಿ ದೊರೆಯುತ್ತಿತ್ತು. ದೀರ್ಘ ಚಳವಳಿಯ ಫಲವಾಗಿ ಆ ತಿಂಗಳು ಅದನ್ನು ಅರ್ಹತೆ ಮತ್ತು ಸೇವೆಗಳಿಗೆ ತಕ್ಕಂತೆ 26,000ದಿಂದ 32,000ದವರೆಗೆ ಏರಿಸಿ, ಪಾಠದ ಅವಧಿಯನ್ನು ವಾರಕ್ಕೆ 15 ಗಂಟೆಗಳಿಗೆ ಹೆಚ್ಚಿಸಲಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳಂತೆ ಕಾಯಂ ಸಹಾಯಕ ಪ್ರಾಧ್ಯಾಪಕನು ವಾರಕ್ಕೆ ಪಾಠ ಹೇಳಬೇಕಾದುದು 16 ಗಂಟೆ. ಅವನ ಆರಂಭದ ಮೂಲವೇತನ 57,700. ಒಂದು ಗಂಟೆಯ ಅಂತರಕ್ಕೆ ಅರ್ಧದಷ್ಟು ಸಂಬಳದ ಅಂತರ. ಅದೇ ಆಯೋಗವು 2019ರಲ್ಲಿ ಅತಿಥಿ ಬೋಧಕನಿಗೆ ಪಾಠವೊಂದಕ್ಕೆ 1,500ರಂತೆ ತಿಂಗಳಿಗೆ 50,000ದವರೆಗೆ ಕೊಡಬಹುದೆಂದಿದ್ದಿತು. ಇವರಿಗೆ ಕೊಡುವುದನ್ನು ಸಂಬಳವೆನ್ನದೆ ಗೌರವಧನವೆನ್ನುತ್ತಾರೆ. ಧನದ ಕೊರತೆಯನ್ನು ಗೌರವದಿಂದ ತುಂಬುವುದು ನಮ್ಮ ಕಚೇರಿಗಳ ಹಳೆಯ ವಿದ್ಯೆ.

2024ರ ಆರಂಭದಿಂದ ಸರಕಾರವು ಐದು ವರ್ಷಕ್ಕೆ ಕಡಿಮೆ ಸೇವೆಯವರಿಗೆ 5,000ವನ್ನೂ, ಹದಿನೈದು ವರ್ಷ ಮೀರಿದವರಿಗೆ 8,000ವನ್ನೂ ಹೆಚ್ಚಿಸಿತು. ಈ ದರಗಳನ್ನು ಕೂಡಿಸಿ ನೋಡಿದರೆ, ಪೂರ್ಣ ಅರ್ಹತೆಯಿದ್ದು ಮೊನ್ನೆ ಸೇರಿದವನಿಗೆ 35,000, ಹದಿನೈದು ವರ್ಷ ಪಾಠ ಹೇಳಿದವನಿಗೆ 40,000. ಅಂದರೆ 100ಕ್ಕೆ 114. ಶೇಕಡಾ 3ರ ಸಾಮಾನ್ಯ ಬಡ್ತಿಯಂತೆ ಹದಿನೈದು ವರ್ಷಕ್ಕೆ ಅದು 100ಕ್ಕೆ 155 ಆಗಬೇಕಾಗಿತ್ತು. ಮೂವತ್ತರಲ್ಲಿ ಸೇರಿ ನಾಲ್ವತ್ತೈದು ದಾಟಿದ, ತನ್ನ ಶಿಷ್ಯನೇ ಕಾಯಂ ಪ್ರಾಧ್ಯಾಪಕನಾಗಿ ಪಕ್ಕದ ಕೊಠಡಿಗೆ ಬಂದುದನ್ನು ಕಂಡ ಉಪನ್ಯಾಸಕನ ಮನೆಯಲ್ಲಿ, ಮಗಳ ಕಾಲೇಜಿನ ಶುಲ್ಕವನ್ನು ಕಟ್ಟುವ ದಿನ ಈ ನಾಲ್ವತ್ತೊಂದರ ಅಂತರವು ಏನೆಂಬುದು ಗೊತ್ತಾಗುತ್ತದೆ.

ಸಮಾನ ಕೆಲಸಕ್ಕೆ ಸಮಾನ ವೇತನವೆಂಬುದು ಸಂವಿಧಾನದ 39ನೆಯ ವಿಧಿಯಲ್ಲಿದೆ. 1982ರಲ್ಲಿ ದೆಹಲಿ ಪೊಲೀಸಿನ ಚಾಲಕನೊಬ್ಬನು ಇತರ ಇಲಾಖೆಗಳ ಚಾಲಕರಿಗೆ ಸಿಗುವ ಶ್ರೇಣಿಯನ್ನು ತನಗೂ ಕೊಡಿರೆಂದು ಕೇಳಿದಾಗ ಸರ್ವೋಚ್ಚ ನ್ಯಾಯಾಲಯವು ಆ ತತ್ತ್ವಕ್ಕೆ ಹಕ್ಕಿನ ಬಲವನ್ನು ಕೊಟ್ಟಿತು. 2016ರಲ್ಲಿ ಪಂಜಾಬಿನ ಹಂಗಾಮಿ ನೌಕರರ ಮೊಕದ್ದಮೆಯಲ್ಲಿ, ಅದೇ ಕೆಲಸವನ್ನು ಮಾಡುವ ತಾತ್ಕಾಲಿಕರಿಗೂ ಶ್ರೇಣಿಯ ಕನಿಷ್ಠ ವೇತನ ಸಲ್ಲಬೇಕೆಂದಿತು. 2025ರ ಆಗಸ್ಟಿನಲ್ಲಿ, 30,000 ರೂಪಾಯಿ ಪಡೆಯುತ್ತಿದ್ದ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ಶ್ರೇಣಿಯ ಕನಿಷ್ಠ ವೇತನವನ್ನು ಕೊಡಿಸುತ್ತ, ಸಭೆಗಳಲ್ಲಿ ಗುರುವನ್ನು ಬ್ರಹ್ಮನೆಂದು ಸ್ತುತಿಸಿದರೆ ಸಾಲದು, ಅದನ್ನು ನಂಬುವುದಾದರೆ ನಡೆವಳಿಕೆಯಲ್ಲಿಯೂ ಕಾಣಬೇಕೆಂದು ನ್ಯಾಯಾಲಯವು ನುಡಿಯಿತು. ನಮ್ಮ ಸರಕಾರವು ಇದೇ ಮಾತನ್ನು ಇನ್ನೊಮ್ಮೆ ಹೇಳಿಸಿಕೊಳ್ಳಲು ಕಾಯಬೇಕಾಗಿಲ್ಲ. ಮುಂದಿನ ಆಯವ್ಯಯದಲ್ಲಿ ಅತಿಥಿ ಉಪನ್ಯಾಸಕರಿಗೆ ಪ್ರತಿ ಐದು ವರ್ಷಕ್ಕೊಮ್ಮೆ ಸಾವಿರ ರೂಪಾಯಿಯ ಹೆಚ್ಚಳದ ಬದಲು ವರ್ಷಕ್ಕೆ ಶೇಕಡಾ 3ರ ಬಡ್ತಿಯನ್ನೂ, ಬೆಲೆಗಳಿಗೆ ಹೊಂದಿ ಏರುವ ಭತ್ಯವನ್ನೂ, ಪಾಠವಿಲ್ಲದ ರಜೆಯ ತಿಂಗಳುಗಳ ವೇತನವನ್ನೂ ಸೇರಿಸಿ ಲೆಕ್ಕವನ್ನು ಬಹಿರಂಗವಾಗಿ ಮುಂದಿಡಲಿ.