ಬಟ್ಟೆಯ ದುಡ್ಡು ಮಕ್ಕಳ ಕೈಗೇ ಕೊಟ್ಟರೆ?

ಬೆಂಗಳೂರಿನ ವಿಜಯನಗರ ಮೆಟ್ರೊ ನಿಲ್ದಾಣದ ಬಳಿ 2024ರ ಆಗಸ್ಟ್‌ನಲ್ಲಿ ಕೃಷ್ಣದೇವರಾಯ ಪಾಲಿಕೆ ಬಜಾರ್ ತೆರೆಯಿತು. ನೆಲದಡಿಯಲ್ಲಿ, ಎ.ಸಿ. ತಂಪಿನಲ್ಲಿ 79 ಮಳಿಗೆಗಳು. ರಾಜಾಜಿನಗರದವರಿಗೆ 2012ರಿಂದಲೇ ಒರಾಯನ್ ಮಾಲ್ ಇದೆ. 2021ರಲ್ಲಿ ಕೆಂಗೇರಿಗೂ ಮೆಟ್ರೊ ಬಂತು. ಅಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಬಸವೇಶ್ವರನಗರದ ಹುಡುಗಿಯರಿಗಂತೂ ಶಕ್ತಿ ಯೋಜನೆಯ ದಯೆಯಿಂದ ಪೇಟೆಗೆ ಹೋಗುವ ಬಸ್ಸಿಗೆ ಟಿಕೆಟ್ ಕಾಸೂ ಬೇಡ. ಸಾಲದ್ದಕ್ಕೆ ಬೆರಳ ತುದಿಯಲ್ಲಿ ಮಿಂತ್ರಾ, ಮೀಶೊ. ಪಶ್ಚಿಮ ಬೆಂಗಳೂರಿನ ಪಿಯುಸಿ ಮಕ್ಕಳಿಗೆ ಬಟ್ಟೆ ಕೊಳ್ಳುವ ಜಾಗಕ್ಕೆ ಬರವಿಲ್ಲ. ದುಡ್ಡು ಮಾತ್ರ ಇನ್ನೂ ಅಪ್ಪನ ಫೋನಿನಲ್ಲಿದೆ.

ಈ ಬಡಾವಣೆಗಳ ಅಜ್ಜ-ಅಜ್ಜಿಯರ ಕಾಲದಲ್ಲಿ ಲೆಕ್ಕ ಸುಲಭವಿತ್ತು. ಬಿನ್ನಿ, ಮಿನರ್ವ ಮಿಲ್ಲುಗಳು, ರಾಜಾಜಿನಗರದ ಕಾರ್ಖಾನೆಗಳು ಸುತ್ತಮುತ್ತಲ ಎಷ್ಟೋ ಮನೆಗಳ ಒಲೆ ಉರಿಸಿದವು. 1965ರ ಬೋನಸ್ ಕಾಯ್ದೆ ಕಾರ್ಮಿಕರಿಗೆ ವರ್ಷಕ್ಕಿಷ್ಟು ಬೋನಸ್ ಕೊಡಲೇಬೇಕೆಂದಿತು. ಈಗ ಕನಿಷ್ಠ ಬೋನಸ್ ವೇತನದ ಶೇ 8.33. ದೀಪಾವಳಿಗೆ ಬೋನಸ್ ಬಂದರೆ ಬಟ್ಟೆ, ಯುಗಾದಿಗೆ ಸಾಧ್ಯವಾದರೆ ಇನ್ನೊಂದು ಜೊತೆ. ಒಂದೇ ಥಾನಿನಲ್ಲಿ ಅಣ್ಣತಮ್ಮಂದಿರಿಗೆಲ್ಲ ಅಂಗಿ, ಉಳಿದ ತುಂಡಿನಲ್ಲಿ ತಂಗಿಗೊಂದು ಫ್ರಾಕು. ಬೆಳೆಯುವ ಮಕ್ಕಳೆಂದು ದರ್ಜಿ ಎರಡಿಂಚು ಬಟ್ಟೆ ಒಳಕ್ಕೆ ಮಡಚಿ ಹೊಲಿಯುತ್ತಿದ್ದ. ಮಕ್ಕಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಈಗ ಬಟ್ಟೆ ಬರುವುದಕ್ಕೆ ಹಬ್ಬ ಬೇಕಿಲ್ಲ. ಕಾಲೇಜಿನ ಎಥ್ನಿಕ್ ಡೇ, ಗೆಳತಿಯ ಹುಟ್ಟುಹಬ್ಬ, ಇನ್‌ಸ್ಟಾಗ್ರಾಮ್‌ನಲ್ಲಿ ಕಂಡ ಜಾಕೆಟ್ಟು, ಎಲ್ಲವೂ ಕಾರಣವೇ. ಪ್ರತಿ ಸಲವೂ ಮನೆಯಲ್ಲಿ ಅದೇ ಜಗ್ಗಾಟ. ಅಮೆರಿಕ, ಬ್ರಿಟನ್‌ಗಳ ಹಲವು ಕುಟುಂಬಗಳಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ: ಹದಿಹರೆಯದ ಮಕ್ಕಳಿಗೆ ಬಟ್ಟೆಗೆಂದೇ ಇಂತಿಷ್ಟು ಹಣ ಎಂದು ಗೊತ್ತುಮಾಡಿ ಕೊಡುವುದು. ಆಯ್ಕೆ ಅವರದು, ಲೆಕ್ಕವೂ ಅವರದು. ಪಾಕೆಟ್ ಮನಿಗೂ ಇದಕ್ಕೂ ಅಜಗಜಾಂತರ. ಪಾಕೆಟ್ ಮನಿ ಸಂಜೆಯ ಪಾನಿಪುರಿಗೆ ಕರಗುತ್ತದೆ, ಖಾಲಿಯಾದರೆ ನಷ್ಟವೇನಿಲ್ಲ. ಬಟ್ಟೆಯ ದುಡ್ಡಿಗಾದರೆ ತಿಂಗಳುಗಟ್ಟಲೆ ಮುಂದಿನ ಯೋಚನೆ ಬೇಕು. ತಪ್ಪಿದರೂ ದೊಡ್ಡ ಅನಾಹುತವಿಲ್ಲ. ಒಂದೆರಡು ತಿಂಗಳು ಹಳೆಯ ಟೀ ಶರ್ಟು ಹಾಕಿಕೊಂಡು ಓಡಾಡಬೇಕು, ಅಷ್ಟೆ.

ಮೊತ್ತ ಎಷ್ಟಿರಬೇಕು? ಪಕ್ಕದ ಮನೆಯವರನ್ನು ಕೇಳುವುದಕ್ಕಿಂತ ಹೋದ ವರ್ಷ ತಮ್ಮ ಮನೆಯಲ್ಲೇ ಎಷ್ಟಾಯಿತೆಂದು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಕೂಡಿಸುವುದು ಮೇಲು. ಯೂನಿಫಾರ್ಮು, ಶಾಲೆಯ ಶೂ, ಒಳಉಡುಪು, ಮನೆಯ ಮದುವೆಯ ಬಟ್ಟೆ ಅಪ್ಪ-ಅಮ್ಮನ ಲೆಕ್ಕಕ್ಕೇ ಇರಲಿ. ಮಿಕ್ಕಿದ್ದು ವರ್ಷಕ್ಕೆ 12,000 ರೂಪಾಯಿ ಎಂದುಕೊಳ್ಳೋಣ. ಒಟ್ಟಿಗೆ ಕೊಟ್ಟರೆ ಹೆಚ್ಚಾಯಿತು, ತಿಂಗಳಿಗೆ ಸಾವಿರದಂತೆ ಕೊಟ್ಟರೆ ಒಂದು ಒಳ್ಳೆಯ ಪ್ಯಾಂಟೂ ಬಾರದು. ಮೂರು ತಿಂಗಳಿಗೆ 3,000 ಎಂಬುದು ಹದ. ಜೂನ್‌ನಲ್ಲಿ ಹಣ ಸಿಕ್ಕ ಹುಡುಗ 2,400 ರೂಪಾಯಿಯ ಸ್ನೀಕರ್ ತಂದನೆನ್ನಿ. ಉಳಿದ 600 ರೂಪಾಯಿಯಲ್ಲಿ ಆಗಸ್ಟ್ ಕೊನೆಯವರೆಗೆ ದೂಡಬೇಕು, ನಡುವೆ ಮಳೆಗಾಲ, ರೇನ್‌ಕೋಟು ಹರಿದಿದೆ. ಕಲಿಕೆ ಇರುವುದೇ ಇಲ್ಲಿ, ಹೆಚ್ಚಿನ ಮನೆಗಳಲ್ಲಿ ಪ್ರಯೋಗ ಕೆಡುವುದೂ ಇಲ್ಲೇ. ‘ಪಾಪ, ಮಗು’ ಎಂದು ಅಜ್ಜಿ ಸೆರಗಿನ ಗಂಟು ಬಿಚ್ಚಿದರೆ ಅವನು ಕಲಿಯುವುದು ಉಳಿತಾಯವನ್ನಲ್ಲ, ಅಜ್ಜಿಯನ್ನು ಒಲಿಸಿಕೊಳ್ಳುವುದನ್ನು.

ದುಡ್ಡು ತಮ್ಮದಾದಾಗ ಮಕ್ಕಳ ಕಣ್ಣು ಬೆಲೆಚೀಟಿಯ ಮೇಲೆ ಬೀಳುತ್ತದೆ, ಪಾಠದಲ್ಲಿ ಸಿಗದ ವಿಷಯಗಳೂ ತಲೆಗೆ ಹತ್ತುತ್ತವೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5, ಅದನ್ನು ಮೀರಿದರೆ ಶೇ 18. ತೆರಿಗೆಗೆ ಮುನ್ನ 2,500 ರೂಪಾಯಿ ಇರುವ ಜಾಕೆಟ್ಟು ಕೈಗೆ ಬರುವಾಗ 2,625 ಆಗುತ್ತದೆ; 2,600 ರೂಪಾಯಿಯದು 3,068. ನೂರು ರೂಪಾಯಿ ಹೆಚ್ಚಿನ ಜಾಕೆಟ್ಟಿಗೆ ತೆರಬೇಕಾದದ್ದು 443 ರೂಪಾಯಿ ಹೆಚ್ಚು. ಆಷಾಢದ ರಿಯಾಯಿತಿಯ ಗುಟ್ಟೂ ಹೀಗೇ ತಿಳಿಯುತ್ತದೆ. ಮದುವೆ-ಮುಂಜಿಗಳಿಲ್ಲದ ತಿಂಗಳಲ್ಲಿ ಗಿರಾಕಿ ಕಡಿಮೆ, ಅಂಗಡಿಯವರು ಬೆಲೆ ಇಳಿಸುತ್ತಾರೆ. ಕಾದವರಿಗೆ ಲಾಭ.

ಹಣ ಕೈಗೆ ಕೊಡುವುದೋ ಖಾತೆಗೆ ಹಾಕುವುದೋ? ಹತ್ತು ವರ್ಷ ದಾಟಿದ ಮಕ್ಕಳು ಉಳಿತಾಯ ಖಾತೆಯನ್ನು ಸ್ವತಃ ನಡೆಸಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿತ್ತು, 2025ರ ಏಪ್ರಿಲ್‌ನಲ್ಲಿ ನಿಯಮಗಳನ್ನು ಪರಿಷ್ಕರಿಸಿತು. ಮಿತಿ ಎಷ್ಟೆಂಬುದು ಆಯಾ ಬ್ಯಾಂಕಿಗೆ ಬಿಟ್ಟದ್ದು. 2024ರಲ್ಲಿ ಬಂದ ಯುಪಿಐ ಸರ್ಕಲ್‌ನಲ್ಲಿ ಹಿರಿಯರ ಖಾತೆಯಿಂದಲೇ ಮನೆಯ ಇನ್ನೊಬ್ಬರು ಹಣ ಪಾವತಿಸಬಹುದು, ತಿಂಗಳ ಮಿತಿಯನ್ನು ಮೊದಲೇ ಕಟ್ಟಿಡಬಹುದು. ಅದರಲ್ಲೇ ಪ್ರತಿ ಪಾವತಿಗೂ ಹಿರಿಯರ ಒಪ್ಪಿಗೆ ಕೇಳುವ ಬಗೆಯೂ ಇದೆ. ಈ ಕೆಲಸಕ್ಕೆ ಅದು ಬೇಡ. ಅಂಗಡಿಯಲ್ಲಿ ನಿಂತ ಮಗಳು ಆಫೀಸಿನಲ್ಲಿರುವ ಅಪ್ಪನ ಒಪ್ಪಿಗೆಗೆ ಕಾಯುವುದಾದರೆ ಆಯ್ಕೆ ಅವಳದಾಗಿ ಉಳಿಯಿತೇ? ಮೊದಲ ವರ್ಷ ನಗದನ್ನು ಲಕೋಟೆಯಲ್ಲಿ ಹಾಕಿ ಕೊಡುವುದೇ ವಾಸಿ; ನೋಟು ಕಡಿಮೆಯಾಗುವುದು ಕಣ್ಣಿಗೆ ಕಾಣುತ್ತದೆ.

ದುಡ್ಡಿಗಿಂತ ಬಿಗಿಯಾದ ಗಂಟು ಇನ್ನೊಂದಿದೆ. ಮಗಳು ತನ್ನ ಹಣದಲ್ಲಿ ತಂದ ಡ್ರೆಸ್ಸು ಮನೆಯವರಿಗೆ ಹಿಡಿಸದಿದ್ದರೆ? ಮಗ ಮೊಣಕಾಲು ಹರಿದ ಜೀನ್ಸ್ ತಂದರೆ? ದೇವಸ್ಥಾನಕ್ಕೆ, ನೆಂಟರ ಮನೆಗೆ ಏನು ಒಪ್ಪುತ್ತದೆ, ಏನು ಒಪ್ಪುವುದಿಲ್ಲ ಎಂಬುದನ್ನು ಹಣ ಕೊಡುವ ಮೊದಲೇ ಮಾತಾಡಿಕೊಳ್ಳಬೇಕು, ಮಗನಿಗೂ ಮಗಳಿಗೂ ಒಂದೇ ಅಳತೆಯಲ್ಲಿ. ಕೊಂಡು ತಂದ ಮೇಲೆ ಹಾಕಬೇಡ ಎಂದರೆ ಅದು ಕೊಟ್ಟದ್ದನ್ನು ಕಿತ್ತುಕೊಂಡಂತೆ.

ಎಲ್ಲ ಮನೆಗೂ ಇದು ಹೊಂದುವುದಿಲ್ಲ ಎನ್ನುವುದೂ ನಿಜ. ವರ್ಷಕ್ಕೆ ಎರಡು ಜೊತೆ ಬಟ್ಟೆಯೇ ಕಷ್ಟವಿರುವ ಕಡೆ ಮಕ್ಕಳು ಲೆಕ್ಕವನ್ನು ಯಾರೂ ಹೇಳಿಕೊಡದೆಯೇ ಕಲಿತಿರುತ್ತಾರೆ. ಈ ಪಾಠ ಬೇಕಾಗಿರುವುದು ಕೇಳಿದ್ದೆಲ್ಲ ಎರಡು ದಿನದಲ್ಲಿ ಕೊರಿಯರ್‌ನಲ್ಲಿ ಬರುವ ಮನೆಗಳಿಗೆ. ಹದಿನೆಂಟು ತುಂಬಿದ ಮರುದಿನದಿಂದಲೇ ಕ್ರೆಡಿಟ್ ಕಾರ್ಡು, ಇಎಂಐ ಆಮಿಷಗಳು ಇಂಥ ಮಕ್ಕಳ ಬೆನ್ನು ಹತ್ತುತ್ತವೆ. ಪಿಯುಸಿಯ ಎರಡು ವರ್ಷ ಅದಕ್ಕೆ ಮುಂಚಿನ ತಾಲೀಮಿಗೆ ಸಾಕು. ಕಾಲೇಜು ಶುರುವಾಗುವ ಜೂನ್‌ನಲ್ಲಿ ಮೊದಲ ಕಂತು ಕೊಡಿ, ಮುಂದಿನ ಕಂತು ಸೆಪ್ಟೆಂಬರ್‌ಗೆ ಎಂದು ಲಕೋಟೆಯ ಮೇಲೆ ಬರೆದುಬಿಡಿ, ಅಜ್ಜಿಗೂ ವಿಷಯ ತಿಳಿಸಿ.