ಮಾತ್ರೆ ಒಂದೇ, ಮೈ ಬೇರೆ ಬೇರೆ

ತುಂಗಭದ್ರಾ ಎಡದಂಡೆ ಕಾಲುವೆಗೆ ಬಿಟ್ಟ ನೀರು ಎಲ್ಲ ಗದ್ದೆಗೂ ಒಂದೇ ಸಮ ಸಿಗುವುದಿಲ್ಲ ಎಂಬುದನ್ನು ಮಾನ್ವಿ ಭಾಗದ ಹುಡುಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲ್ಭಾಗದ ಹೊಲ ತುಂಬಿದರೂ ಕೊನೆ ಭಾಗದ ರೈತ ಕಾಯುತ್ತಲೇ ಇರುತ್ತಾನೆ. ನುಂಗಿದ ಮಾತ್ರೆಯೂ ಹೀಗೆಯೇ, ಎಲ್ಲರ ಮೈಯಲ್ಲಿ ಒಂದೇ ಸಮ ನಿಲ್ಲುವುದಿಲ್ಲ.

ಇಮ್ಯಾಟಿನಿಬ್ ಮಾತ್ರೆಯನ್ನೇ ನೋಡಿ. ಸಿಎಂಎಲ್ ಎಂಬ ರಕ್ತ ಕ್ಯಾನ್ಸರ್‌ಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧವನ್ನು ರೋಗಿಗಳು ಮನೆಯಲ್ಲೇ ನುಂಗುತ್ತಾರೆ. ವಯಸ್ಕರಿಗೆ ರೋಗದ ಮೊದಲ ಹಂತದಲ್ಲಿ ಸಾಮಾನ್ಯ ಡೋಸ್ ದಿನಕ್ಕೆ 400 ಮಿಲಿಗ್ರಾಂ. ಆದರೆ ಅದೇ 400 ನುಂಗಿದ ಇಬ್ಬರ ರಕ್ತದಲ್ಲಿ ಔಷಧದ ಮಟ್ಟ ಹಲವು ಪಟ್ಟು ವ್ಯತ್ಯಾಸವಾಗಬಹುದು. ಯಕೃತ್ತಿನ ಸಿವೈಪಿ3ಎ4 ಎಂಬ ಕಿಣ್ವ ಇದನ್ನು ಒಡೆಯುತ್ತದೆ; ಅದರ ವೇಗ ಎಲ್ಲರಲ್ಲೂ ಒಂದೇ ಅಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಜೊತೆ ಸೇರಿದರಂತೂ ದೇಹಕ್ಕೆ ಸಿಗುವ ಇಮ್ಯಾಟಿನಿಬ್ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಟ್ಟ ಕಡಿಮೆಯಾದರೆ ರೋಗ ಹತೋಟಿಗೆ ಬಾರದಿರಬಹುದು, ಹೆಚ್ಚಾದರೆ ವಾಂತಿ, ಬಾವು ಕಾಡಬಹುದು.

ಹಾಗಾದರೆ ಪ್ರತಿಯೊಬ್ಬರ ಮಟ್ಟ ಅಳೆಯಬಾರದೇಕೆ? ಪೂರ್ತಿ ಚಿತ್ರ ಬೇಕೆಂದರೆ ಒಂದೇ ದಿನ ಹತ್ತಾರು ಬಾರಿ ರಕ್ತ ತೆಗೆಯಬೇಕು. ಬಾಗಲವಾಡದಂಥ ಊರಿನಿಂದ ರಾತ್ರಿಯಿಡೀ ಪ್ರಯಾಣಿಸಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವ ಕೂಲಿಕಾರರಿಗೆ ಅದು ಆಗದ ಮಾತು.

ಇದಕ್ಕೆ ದಾರಿ ತೋರಿದ್ದು ಪಾಪ್ಯುಲೇಷನ್ ಫಾರ್ಮಕೊಕೈನೆಟಿಕ್ಸ್. ಅಮೆರಿಕದ ಲೂಯಿಸ್ ಶೈನರ್ ಮತ್ತು ಸಂಗಡಿಗರು 1977ರಲ್ಲಿ ಇದರ ಬುನಾದಿ ಹಾಕಿದರು. ನಿತ್ಯದ ಚಿಕಿತ್ಸೆಯಲ್ಲಿ ಒಬ್ಬೊಬ್ಬರಿಂದ ಸಿಗುವ ಕೆಲವೇ ಮಾದರಿಗಳನ್ನು ಒಟ್ಟುಗೂಡಿಸಿದರೆ ಸರಾಸರಿ ಎಷ್ಟು, ಯಾರು ಅದರಿಂದ ಎಷ್ಟು ದೂರ, ಯಾಕೆ ಎಂಬ ಮೂರೂ ಗೊತ್ತಾಗುತ್ತವೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನ ತಂಡ ಇಮ್ಯಾಟಿನಿಬ್‌ಗೆ ಇಂಥ ಗಣಿತ ಮಾದರಿಯನ್ನು 2006ರಲ್ಲಿ ಪ್ರಕಟಿಸಿದಾಗ ಬಳಸಿದ್ದು 59 ರೋಗಿಗಳ 321 ರಕ್ತ ಮಾದರಿಗಳನ್ನು ಮಾತ್ರ. ಗಣಿತ ಮಾದರಿ ಸಿದ್ಧವಾದ ಮೇಲೆ ಹೊಸ ರೋಗಿಯ ಒಂದೆರಡು ರಕ್ತ ಪರೀಕ್ಷೆಯಿಂದಲೇ ಅವರ ಮಟ್ಟವನ್ನು ಅಂದಾಜಿಸಬಹುದು. ಡೋಸ್ ಬದಲಿಸುವ ತೀರ್ಮಾನ ಮಾತ್ರ ವೈದ್ಯರದೇ; ರೋಗಿ ತಾನಾಗಿ ಬದಲಿಸುವಂತಿಲ್ಲ.

ಆದರೆ ಲೆಕ್ಕದಲ್ಲಿ ಸೇರದವರ ಬಗ್ಗೆ ಈ ಗಣಿತಕ್ಕೆ ಹೆಚ್ಚೇನೂ ಗೊತ್ತಿರುವುದಿಲ್ಲ. ಯುರೋಪಿನ ರೋಗಿಗಳಿಂದ ಕಟ್ಟಿದ್ದು ನಮ್ಮ ತೂಕ, ನಮ್ಮ ಊಟ, ನಮ್ಮಲ್ಲಿನ ಕ್ಷಯಕ್ಕೆ ಹೊಂದುತ್ತದೆಯೇ ಎಂದು ಇಲ್ಲಿನ ರಕ್ತ ಮಾದರಿಗಳಿಂದಲೇ ಪರೀಕ್ಷಿಸಬೇಕು. ಆ ಕೆಲಸ ಮಾಡುವವರು ಯಾರು?

ಗೆಳೆಯರೇ, ಬಿ.ಫಾರ್ಮಾ, ಫಾರ್ಮ್ ಡಿ ಮುಗಿಸಿದರೆ ಮೆಡಿಕಲ್ ಶಾಪ್ ಇಲ್ಲವೇ ಮೆಡಿಕಲ್ ರೆಪ್ ಕೆಲಸ ಎಂದಷ್ಟೇ ಯೋಚಿಸಬೇಡಿ. ಸಂಖ್ಯಾಶಾಸ್ತ್ರ ಓದಿದವರೂ ಇದು ನಮ್ಮದಲ್ಲ ಎನ್ನಬೇಡಿ. ಈ ಕ್ಷೇತ್ರಕ್ಕೆ ಔಷಧ ಬಲ್ಲವರೂ ಬೇಕು, ಲೆಕ್ಕ ಬಲ್ಲವರೂ ಬೇಕು. ಕಲಿಯಲು ‘ಆರ್’ ಮತ್ತು ಅದರೊಳಗಿನ ‘ಎನ್‌ಎಲ್‌ಮಿಕ್ಸ್‌ಆರ್2’ ಉಚಿತವಾಗಿ ಸಿಗುತ್ತವೆ. ಒಂದು ಲ್ಯಾಪ್‌ಟಾಪ್, ದಿನಕ್ಕೆ ಒಂದು ಗಂಟೆ ಇದ್ದರೆ ಶುರು ಮಾಡಬಹುದು. ಕಾಲುವೆಯ ಕೊನೆಗೆ ಎಷ್ಟು ನೀರು ತಲುಪಿತು ಎಂದು ಕೇಳಿ ಬೆಳೆದವರು ನಾವು. ಕೊನೆಯ ಊರಿನ ರೋಗಿಗೆ ಎಷ್ಟು ಔಷಧ ತಲುಪಿತು ಎಂದೂ ನಾವೇ ಕೇಳಬಹುದಲ್ಲವೇ?